ಮುರಿದ ಮುಳ್ಳಿನ ಸುತ್ತ: ಇಂಪ್ಲಾಂಟ್‌ಗಳಿಗೆ ದೇಹ ಕಟ್ಟುವ ಗೋಡೆ

ಕಾಲಿಗೆ ಜಾಲಿ ಮುಳ್ಳು ಹೊಕ್ಕು, ತೆಗೆಯುವಾಗ ತುದಿ ಮುರಿದು ಒಳಗೇ ಉಳಿದರೆ ಏನಾಗುತ್ತದೆ ಅಂತ ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು. ಎರಡು ಮೂರು ದಿನ ಕೆಂಪಗೆ ಊದಿಕೊಳ್ಳುತ್ತದೆ. ಕೆಲವು ಸಲ ಕೀವಾಗಿ, ಮುಳ್ಳು ತಾನಾಗಿಯೇ ಹೊರಗೆ ಬಂದುಬಿಡುತ್ತದೆ. ಬರದಿದ್ದರೆ ಆ ಜಾಗದಲ್ಲಿ ಗಟ್ಟಿಯಾಗಿ ಒಂದು ಗಂಟು ಕಟ್ಟುತ್ತದೆ. ನನ್ನ ಎಡ ಹಿಮ್ಮಡಿಯಲ್ಲಿ ಅಂಥದ್ದೊಂದು ಗಂಟು ವರ್ಷಗಟ್ಟಲೆ ಇತ್ತು. ಕಡೆಗೊಮ್ಮೆ ಡಾಕ್ಟರು ಕೊಯ್ದು ತೆಗೆದು ಬಟ್ಟಲಲ್ಲಿ ತೋರಿಸಿದರು. ನುಚ್ಚಕ್ಕಿಯಷ್ಟು ಮುಳ್ಳು, ಅದರ ಸುತ್ತ ಕಡಲೆಕಾಳಿನಷ್ಟು ಬೆಳ್ಳನೆಯ ನಾರು.

ದೇಹದ ಲೆಕ್ಕಾಚಾರ ಸರಳ. ತಿಂದು ಮುಗಿಸಲು ಆಗುವುದನ್ನು ತಿಂದು ಮುಗಿಸುತ್ತದೆ. ಹೊರಗೆ ದಬ್ಬಲು ಆಗುವುದನ್ನು ದಬ್ಬುತ್ತದೆ. ಎರಡೂ ಆಗದಿದ್ದರೆ ಸುತ್ತ ಗೋಡೆ ಕಟ್ಟಿ ಕೈ ತೊಳೆದುಕೊಳ್ಳುತ್ತದೆ.

ಈಗ ನಮ್ಮ ನಮ್ಮ ಮನೆಗಳನ್ನೇ ನೋಡಿ. ಅಪ್ಪನ ಹೃದಯದಲ್ಲಿ ಸ್ಟೆಂಟ್, ಅಜ್ಜಿಯ ಕಣ್ಣಲ್ಲಿ ಲೆನ್ಸ್, ದೊಡ್ಡಮ್ಮನ ಮಂಡಿಯಲ್ಲಿ ಲೋಹ, ಬೈಕಿಂದ ಬಿದ್ದ ಹುಡುಗನ ತೊಡೆಯಲ್ಲಿ ರಾಡು. ದೇಹಕ್ಕೆ ಇವಕ್ಕೂ ಜಾಲಿ ಮುಳ್ಳಿಗೂ ದೊಡ್ಡ ವ್ಯತ್ಯಾಸ ಗೊತ್ತಾಗುವುದಿಲ್ಲ. ಲಕ್ಷಗಟ್ಟಲೆ ಸುರಿದು ಹಾಕಿಸಿಕೊಂಡ ಮುಳ್ಳು ಅಷ್ಟೇ.

"ದೇಹ ವಿರೋಧಿಸದ ಹೊಸ ವಸ್ತು ಕಂಡುಹಿಡಿದ ವಿಜ್ಞಾನಿಗಳು" ಅನ್ನುವ ಸುದ್ದಿ ವರ್ಷಕ್ಕೆ ನಾಲ್ಕು ಸಲವಾದರೂ ಕಣ್ಣಿಗೆ ಬೀಳುತ್ತದೆ. ಓದಿದರೆ ಒಂದೇ ಒಂದು ಮಾಯದ ವಸ್ತು ಸಿಕ್ಕರೆ ಸಾಕು, ಎಲ್ಲ ಮುಗಿಯಿತು ಅನ್ನಿಸುತ್ತದೆ. ನನಗೆ ಹಾಗೆ ಕಾಣುವುದಿಲ್ಲ. ಗೋಡೆ ಎಲ್ಲಿ ಕಟ್ಟಿದರೆ ನಷ್ಟ, ಎಲ್ಲಿ ಕಟ್ಟಿದರೆ ಲಾಭ, ಎಲ್ಲಿ ಕಟ್ಟದಿದ್ದರೇ ಅಪಾಯ ಎಂದು ಬಿಡಿಸಿ ನೋಡಿದರೆ ಈ ವಿಷಯ ಬೇರೆಯೇ ರೀತಿ ಕಾಣುತ್ತದೆ.

ಮೊದಲು ಗೋಡೆ ಹೇಗೆ ಏಳುತ್ತದೆ ನೋಡೋಣ. ಇಂಪ್ಲಾಂಟ್, ಅಂದರೆ ದೇಹದೊಳಗೆ ಇಡುವ ಇಂಥ ವಸ್ತು, ಒಳಗೆ ಕೂತ ಕೆಲವೇ ಸೆಕೆಂಡುಗಳಲ್ಲಿ ರಕ್ತದ ಪ್ರೋಟೀನ್‌ಗಳು ಅದರ ಮೈಗೆ ಮೆತ್ತಿಕೊಳ್ಳುತ್ತವೆ. ಆಲ್ಬುಮಿನ್, ಫೈಬ್ರಿನೋಜೆನ್ ಹೀಗೆ ಹಲವು. ಅಲ್ಲಿಂದ ಮುಂದೆ ಬರುವ ಯಾವ ಜೀವಕೋಶವೂ ಟೈಟಾನಿಯಂ ಅನ್ನಾಗಲಿ ಸಿಲಿಕೋನ್ ಅನ್ನಾಗಲಿ ನೇರವಾಗಿ ಮುಟ್ಟುವುದಿಲ್ಲ. ಅದು ಮುಟ್ಟುವುದು ಈ ಪ್ರೋಟೀನ್ ಹೊದಿಕೆಯನ್ನು. ಮೈಗೆ ಅಂಟುವಾಗ ಫೈಬ್ರಿನೋಜೆನ್‌ನ ಮಡಿಕೆ ಬಿಚ್ಚಿಕೊಂಡರೆ, ಸಾಮಾನ್ಯವಾಗಿ ಗಾಯವಾದಾಗ ಮಾತ್ರ ಕಾಣಬೇಕಾದ ಅದರ ಒಳಭಾಗ ಕಾಣಿಸಿಕೊಳ್ಳುತ್ತದೆ. ಕಾವಲಿನ ಕೋಶಗಳಿಗೆ ಅಷ್ಟು ಸಾಕು.

ಮೊದಲು ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ಬರುತ್ತವೆ. ಹಿಂದೆಯೇ ಮ್ಯಾಕ್ರೋಫೇಜ್‌ಗಳು ಬರುತ್ತವೆ. ಸಿಕ್ಕಿದ್ದನ್ನು ನುಂಗಿ ಅರಗಿಸುವುದೇ ಮ್ಯಾಕ್ರೋಫೇಜ್‌ನ ಕಸುಬು. ಆದರೆ ಕೂದಲಿನ ದಪ್ಪಕ್ಕಿಂತ ಸಣ್ಣದಾದ ಕೋಶ ಅಂಗೈಯಗಲದ ಮಂಡಿ ಕೀಲನ್ನು ನುಂಗುವುದಾದರೂ ಹೇಗೆ? ಆಗ ಹತ್ತಾರು ಮ್ಯಾಕ್ರೋಫೇಜ್‌ಗಳು ಒಂದಕ್ಕೊಂದು ಬೆಸೆದುಕೊಂಡು ದೈತ್ಯ ಕೋಶವಾಗುತ್ತವೆ. ಇಂಪ್ಲಾಂಟ್‌ನ ಮೈಗೆ ಮಲಗಿಕೊಂಡು ಆಮ್ಲ ಸುರಿಯುತ್ತವೆ. ಅದಕ್ಕೂ ಜಗ್ಗದಿದ್ದರೆ ಫೈಬ್ರೋಬ್ಲಾಸ್ಟ್‌ಗಳಿಗೆ ಕರೆ ಹೋಗುತ್ತದೆ. ಅವು ಬಂದು ಕೊಲಾಜೆನ್ ನಾರು ಹೆಣೆಯುತ್ತವೆ. ಕೆಲವು ವಾರಗಳಲ್ಲಿ ಇಂಪ್ಲಾಂಟ್‌ನ ಸುತ್ತ ಒಂದು ಚೀಲ ಸಿದ್ಧವಾಗುತ್ತದೆ. ಗಟ್ಟಿಯಾದ, ರಕ್ತನಾಳ ಹೆಚ್ಚಿಲ್ಲದ ಚೀಲ.

ಕಿಡ್ನಿ ಕಸಿಯಲ್ಲಿ ಆಗುವ ತಿರಸ್ಕಾರ ಬೇರೆ, ಇದು ಬೇರೆ. ಅಲ್ಲಿ "ಇದು ಬೇರೆಯವರ ಮಾಂಸ" ಅಂತ ಗುರುತು ಹಿಡಿಯುವ ಟಿ ಕೋಶಗಳ ಆಟ. ಇಲ್ಲಿ ಗುರುತು ಪರಿಚಯ ಏನೂ ಬೇಕಿಲ್ಲ. ಹೊರಗಿನ ವಸ್ತು ಒಳಗಿದ್ದರೆ ಆಯಿತು.

ಹಾಗಾದರೆ ಕಣ್ಣಿನ ಲೆನ್ಸ್ ಹೇಗೆ ಮೂವತ್ತು ವರ್ಷ ತೆಪ್ಪಗೆ ಕೂರುತ್ತದೆ? ಇದರ ಹಿಂದೆ ಒಂದು ಯುದ್ಧದ ಕಥೆಯಿದೆ. 1940ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಯುದ್ಧವಿಮಾನವೊಂದಕ್ಕೆ ಗುಂಡು ತಗುಲಿತು. ಪೈಲಟ್‌ನ ತಲೆ ಮೇಲಿದ್ದ ಪಾರದರ್ಶಕ ಮುಚ್ಚಳ ಒಡೆದು ಚೂರುಗಳು ಅವನ ಕಣ್ಣಿಗೆ ಹೊಕ್ಕವು. ಮುಚ್ಚಳ ಗಾಜಿನದ್ದಲ್ಲ, ಪರ್ಸ್ಪೆಕ್ಸ್ ಅನ್ನುವ ಅಕ್ರಿಲಿಕ್ ಪ್ಲಾಸ್ಟಿಕ್. ಇಂಥ ಕಣ್ಣುಗಳನ್ನು ನೋಡುತ್ತಿದ್ದ ವೈದ್ಯ ಹೆರಾಲ್ಡ್ ರಿಡ್ಲಿಗೆ ಒಂದು ಸಂಗತಿ ಕಂಡಿತು. ಚೂರುಗಳು ಒಳಗೇ ಉಳಿದರೂ ಕಣ್ಣು ಕೆರಳುತ್ತಿರಲಿಲ್ಲ. 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರು ಅದೇ ಪ್ಲಾಸ್ಟಿಕ್ಕಿನ ಲೆನ್ಸನ್ನು ರೋಗಿಯೊಬ್ಬರ ಕಣ್ಣಿಗೆ ಹಾಕಿದರು. ದೊಡ್ಡ ದೊಡ್ಡ ಕಣ್ಣಿನ ಡಾಕ್ಟರುಗಳು ವರ್ಷಗಟ್ಟಲೆ ಅವರನ್ನು ಬೈದರು. ಕಣ್ಣಿಂದ ಹೊರಗಿನ ವಸ್ತು ತೆಗೆಯುವುದು ವೈದ್ಯರ ಕೆಲಸ, ಇವನು ಒಳಗೆ ಹಾಕುತ್ತಿದ್ದಾನಲ್ಲ ಅಂತ. ಮುಪ್ಪಿನಲ್ಲಿ ರಿಡ್ಲಿಯವರೇ ತಮ್ಮ ಕಣ್ಣಿಗೂ ಲೆನ್ಸ್ ಹಾಕಿಸಿಕೊಂಡರು, ಅದೇ ಆಸ್ಪತ್ರೆಯಲ್ಲಿ. ಇವತ್ತು ನಮ್ಮಲ್ಲಿ ಪೊರೆ ಆಪರೇಷನ್ ಅಂದರೆ ಲೆನ್ಸ್ ಇದ್ದೇ ಇರುತ್ತದೆ. 1992ರಲ್ಲಿ ಮಧುರೈಯ ಅರೊಲ್ಯಾಬ್ ಇಲ್ಲೇ ಲೆನ್ಸ್ ತಯಾರಿಸಲು ಶುರುಮಾಡಿ ಬೆಲೆ ಇಳಿಸಿದ್ದು ಇದಕ್ಕೊಂದು ದೊಡ್ಡ ಕಾರಣ.

ಈ ಕಥೆ ಕೇಳಿದವರು ಸಾಮಾನ್ಯವಾಗಿ ಒಂದು ತೀರ್ಮಾನಕ್ಕೆ ಬರುತ್ತಾರೆ. ಪರ್ಸ್ಪೆಕ್ಸ್ ಒಳ್ಳೆಯ ವಸ್ತು, ದೇಹ ಅದಕ್ಕೆ ಒಗ್ಗುತ್ತದೆ ಅಂತ. ಸ್ವಲ್ಪ ತಾಳಿ. ಅದೇ ರಸಾಯನ, ಪಾಲಿಮಿಥೈಲ್ ಮೆಥಾಕ್ರಿಲೇಟ್, ಮಂಡಿ ಆಪರೇಷನ್ನಿನಲ್ಲೂ ಇದೆ. ಲೋಹದ ಭಾಗವನ್ನು ಮೂಳೆಗೆ ಹಿಡಿಸಲು ಹಿಟ್ಟಿನ ಹಾಗೆ ಕಲಸಿ ಹಚ್ಚುವ "ಸಿಮೆಂಟ್" ಅದೇ. ಒಬ್ಬರೇ ಅಜ್ಜಿಯ ಕಣ್ಣಲ್ಲೂ ಮಂಡಿಯಲ್ಲೂ ಒಂದೇ ಪ್ಲಾಸ್ಟಿಕ್ ಇರಬಹುದು. ಕಣ್ಣಲ್ಲಿ ಅದು ಸುಮ್ನೆ ಕೂತಿದೆ. ಮಂಡಿಯಲ್ಲಿ ಅದು ಸವೆದು ಪುಡಿಯಾದರೆ ಸುತ್ತಲಿನ ಮೂಳೆ ಕರಗಲು ಶುರುವಾಗಬಹುದು. 1980ರ ದಶಕದಲ್ಲಿ ಇದಕ್ಕೆ "ಸಿಮೆಂಟ್ ಕಾಯಿಲೆ" ಅಂತಲೇ ಹೆಸರಿಟ್ಟಿದ್ದರು. ವ್ಯತ್ಯಾಸ ವಸ್ತುವಿನಲ್ಲಿಲ್ಲ. ಕಣ್ಣಿನ ಒಳಭಾಗ ಮೊದಲೇ ಶಾಂತ ಜಾಗ. ಅಲ್ಲಿ ಉರಿಯೂತವಾದರೆ ದೃಷ್ಟಿಯೇ ಹೋಗುತ್ತದೆ, ಆದ್ದರಿಂದ ಅಲ್ಲಿ ರೋಗನಿರೋಧಕ ವ್ಯವಸ್ಥೆ ತಾನೇ ತಗ್ಗಿ ನಡೆಯುತ್ತದೆ. ಜೊತೆಗೆ ಲೆನ್ಸ್ ಅಲ್ಲಿ ಏನನ್ನೂ ಉಜ್ಜುವುದಿಲ್ಲ, ಭಾರವನ್ನೂ ಹೊರುವುದಿಲ್ಲ.

ಪುಡಿಯ ಪಾಠ ಕಲಿಸಿದ್ದು ಜಾನ್ ಚಾರ್ನ್ಲಿ. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಸೊಂಟದ ಕೀಲು ಬದಲಿಸುತ್ತಿದ್ದ ವೈದ್ಯ. ಕೀಲಿನ ಬಟ್ಟಲಿಗೆ ಅವರು ಆರಿಸಿದ್ದು ಟೆಫ್ಲಾನ್. ನಮ್ಮ ನಾನ್‌ಸ್ಟಿಕ್ ದೋಸೆ ತವಾದ ಮೇಲಿನ ಲೇಪನ. ಯಾವುದಕ್ಕೂ ಅಂಟುವುದಿಲ್ಲ, ಯಾವುದರ ಜೊತೆಗೂ ಬೆರೆಯುವುದಿಲ್ಲ. ಕಾಗದದ ಮೇಲೆ ಇದಕ್ಕಿಂತ ಸಾಧು ವಸ್ತು ಇನ್ನೊಂದಿಲ್ಲ. ಸುಮಾರು 300 ರೋಗಿಗಳಿಗೆ ಹಾಕಿದರು. ಕೆಲವೇ ವರ್ಷಗಳಲ್ಲಿ ಬಟ್ಟಲುಗಳು ಸವೆದವು. ಸುತ್ತ ಮೊಸರಿನಂಥ ಪದಾರ್ಥ ತುಂಬಿ ಕೀಲುಗಳು ಸಡಿಲಾದವು. ಚಾರ್ನ್ಲಿ ಅವನ್ನು ಒಂದೊಂದಾಗಿ ತೆಗೆದು ಬದಲಿಸಬೇಕಾಯಿತು.

ಆಮೇಲೆ ಅವರು ಮಾಡಿದ ಕೆಲಸ ಇವತ್ತಿನ ಯಾವ ನೈತಿಕ ಸಮಿತಿಯೂ ಒಪ್ಪುವಂಥದ್ದಲ್ಲ. ಟೆಫ್ಲಾನ್ ಪುಡಿಯನ್ನೂ, ಬಟ್ಟಲಿಗೆ ಹೊಸದಾಗಿ ನೋಡುತ್ತಿದ್ದ ಪಾಲಿಎಥಿಲೀನ್ ಅನ್ನುವ ಪ್ಲಾಸ್ಟಿಕ್ಕಿನ ಪುಡಿಯನ್ನೂ ತಮ್ಮ ತೊಡೆಗೇ ಸೇರಿಸಿಕೊಂಡರು. ತಿಂಗಳುಗಳ ನಂತರ ಟೆಫ್ಲಾನ್ ಇದ್ದ ಕಡೆ ಕೈಗೆ ಸಿಗುವ ಗಂಟು. ಪಾಲಿಎಥಿಲೀನ್ ಇದ್ದ ಕಡೆ ಏನೂ ಇಲ್ಲ. 1963ರಲ್ಲಿ ಇದನ್ನು ಅವರು ಲ್ಯಾನ್ಸೆಟ್ ಪತ್ರಿಕೆಗೆ ಕಾಗದ ಬರೆದು ತಿಳಿಸಿದರು. ನನ್ನ ಹಿಮ್ಮಡಿಯ ಗಂಟಿಗೂ ಚಾರ್ನ್ಲಿಯ ತೊಡೆಯ ಗಂಟಿಗೂ ಒಳಗಿನ ಕೆಲಸ ಒಂದೇ. ಗಟ್ಟಿಯಾಗಿದ್ದಾಗ ಟೆಫ್ಲಾನ್ ನುಂಗಲಾಗದ ವಸ್ತು, ಗೋಡೆ ಕಟ್ಟಿ ಬಿಟ್ಟರೆ ಮುಗಿಯಿತು. ಪುಡಿಯಾದಾಗ ಅದು ಮ್ಯಾಕ್ರೋಫೇಜ್ ಬಾಯಿಗೆ ಸರಿಯಾದ ತುತ್ತು. ನುಂಗುತ್ತದೆ, ಅರಗಿಸಲಾಗುವುದಿಲ್ಲ, ಅಪಾಯದ ಸಂಕೇತ ಕಳಿಸುತ್ತಲೇ ಇರುತ್ತದೆ. ಆ ಸಂಕೇತ ಕೇಳಿಸಿಕೊಂಡು ಮೂಳೆ ಕರಗಿಸುವ ಕೋಶಗಳು ಎಚ್ಚರಾಗುತ್ತವೆ.

ಆದ್ದರಿಂದ ಕೀಲುಗಳ ಮಟ್ಟಿಗೆ "ದೇಹದ ಪ್ರತಿಕ್ರಿಯೆ ತಗ್ಗಿಸಿ" ಅಂದರೆ ನಿಜವಾದ ಅರ್ಥ "ಸವೆತ ತಗ್ಗಿಸಿ". ಎಂಜಿನಿಯರುಗಳು ಅದನ್ನೇ ಮಾಡಿದರು. 1990ರ ದಶಕದ ಕೊನೆಯಲ್ಲಿ ವಿಕಿರಣ ಹಾಯಿಸಿ ಎಳೆಗಳನ್ನು ಒಂದಕ್ಕೊಂದು ಹೆಣೆದ ಪಾಲಿಎಥಿಲೀನ್ ಬಂತು, ಪುಡಿ ತುಂಬಾ ಕಡಿಮೆಯಾಯಿತು. ಇದು ಸದ್ದಿಲ್ಲದೆ ಆದ ದೊಡ್ಡ ಗೆಲುವು.

ಈಗ ಗೋಡೆ ಯಾರಿಗೆ ತೊಂದರೆ ಅಂತ ನೋಡಿ. ಪೇಸ್‌ಮೇಕರ್ ಪೆಟ್ಟಿಗೆಗೆ ತೊಂದರೆಯೇ ಇಲ್ಲ. ಭುಜದ ಕೆಳಗೆ ನಾರಿನ ಚೀಲದಲ್ಲಿ ಅದು ಬೆಚ್ಚಗೆ ಕೂತಿರುತ್ತದೆ, ಅತ್ತಿತ್ತ ಜಾರುವುದಿಲ್ಲ. ಹಲವು ವರ್ಷಗಳ ನಂತರ ಬ್ಯಾಟರಿ ಮುಗಿದಾಗ ಸರ್ಜನ್ ಅದೇ ಚೀಲವನ್ನು ಕೊಯ್ದು ಹಳೆಯದು ತೆಗೆದು ಹೊಸದಿಡುತ್ತಾರೆ. ಟೈಟಾನಿಯಂ ಹಲ್ಲಿನ ಕಥೆ ಇನ್ನೂ ಚೆನ್ನಾಗಿದೆ. ಸ್ವೀಡನ್ನಿನ ವಿಜ್ಞಾನಿ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಕಾಲುಮೂಳೆಯೊಳಗೆ ಟೈಟಾನಿಯಂ ಉಪಕರಣ ಇಟ್ಟು ರಕ್ತದ ಹರಿವು ನೋಡುತ್ತಿದ್ದರು. ಪ್ರಯೋಗ ಮುಗಿದ ಮೇಲೆ ಉಪಕರಣ ಹೊರಗೆ ಬರಲೇ ಇಲ್ಲ. ಮೂಳೆ ಅದನ್ನು ಹಿಡಿದುಕೊಂಡುಬಿಟ್ಟಿತ್ತು. 1965ರಲ್ಲಿ ಅದೇ ಹಿಡಿತ ನಂಬಿ ಮನುಷ್ಯರ ದವಡೆಗೆ ಮೊದಲ ಇಂಪ್ಲಾಂಟ್ ಹಾಕಿದರು. ಅಲ್ಲಿ ದೇಹ ಪ್ರತಿಕ್ರಿಯಿಸಲೇಬೇಕು. ಪ್ರತಿಕ್ರಿಯೆ ಇಲ್ಲದಿದ್ದರೆ ಹಲ್ಲು ಅಲ್ಲಾಡುತ್ತದೆ.

ಆದರೆ ಪೇಸ್‌ಮೇಕರ್ ತಂತಿಯ ತುದಿಗೆ ತೊಂದರೆಯಿದೆ. ಹೃದಯದ ಸ್ನಾಯುವಿಗೂ ತಂತಿಗೂ ನಡುವೆ ನಾರು ಬೆಳೆದರೆ ಜಾಸ್ತಿ ಕರೆಂಟ್ ಬೇಕು, ಬ್ಯಾಟರಿ ಬೇಗ ಖಾಲಿ. 1980ರ ದಶಕದಲ್ಲಿ ಇದಕ್ಕೊಂದು ಜಾಣ ಉಪಾಯ ಬಂತು. ತಂತಿಯ ತುದಿಯಲ್ಲಿ ಒಂದು ಮಿಲಿಗ್ರಾಂಗೂ ಕಡಿಮೆ ಸ್ಟಿರಾಯ್ಡ್ ತುಂಬಿದರು. ಅದು ಅಲ್ಲೇ, ಆ ಚುಕ್ಕೆಯಷ್ಟು ಜಾಗದಲ್ಲೇ ನಿಧಾನಕ್ಕೆ ಸೋರಿ ನಾರನ್ನು ತಡೆಯುತ್ತದೆ. ಹಳೆಯ ತಂತ್ರ, ಈಗಲೂ ನಡೆಯುತ್ತಿದೆ. ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಐಡಿಯಾ ಇದು. ಇಡೀ ದೇಹವನ್ನು ಮಲಗಿಸುವ ಗೋಜಿಗೇ ಹೋಗಲಿಲ್ಲ.

ಶುಗರ್ ಇರುವವರ ತೋಳಿಗೆ ಅಂಟಿಸುವ ಬಿಳಿ ಬಿಲ್ಲೆ ನೋಡಿರುತ್ತೀರಿ. ಅದರಡಿ ಅರ್ಧ ಸೆಂಟಿಮೀಟರ್ ಉದ್ದದ, ದಾರದಂಥ ಎಳೆಯೊಂದು ಚರ್ಮದೊಳಗೆ ಇಳಿದಿರುತ್ತದೆ. ನನ್ನ ಗೆಳೆಯ ಎರಡು ವಾರಕ್ಕೊಮ್ಮೆ ಅದನ್ನು ಕಿತ್ತು ಹೊಸದು ಹಾಕಿಕೊಳ್ಳುತ್ತಾನೆ, ಬೆಲೆ ನೆನೆದು ಪ್ರತಿ ಸಲ ಬೈಯುತ್ತಾನೆ. ಆ ಅವಧಿಗೆ ಅಂಟು, ಎಳೆಯ ಮೇಲಿನ ಕಿಣ್ವ, ಸೋಂಕಿನ ಭಯ ಎಲ್ಲವೂ ಕಾರಣ. ಆದರೆ ಚರ್ಮದೊಳಗೆ ನಡೆಯುವ ಈ ಗೋಡೆಯ ಕೆಲಸವೂ ದೊಡ್ಡ ಕಾರಣ. ಎಳೆಯ ಸುತ್ತ ಕೋಶಗಳು ಮುತ್ತಿಕೊಂಡರೆ ಅದಕ್ಕೆ ತಲುಪುವ ಸಕ್ಕರೆಯೇ ಬದಲಾಗುತ್ತದೆ, ಅಳತೆ ತಪ್ಪುತ್ತದೆ. ಎವರ್‌ಸೆನ್ಸ್ ಅನ್ನುವ ಸೆನ್ಸರ್ ಪೂರ್ತಿ ಚರ್ಮದೊಳಗೇ ಇರುತ್ತದೆ. 2024ರಲ್ಲಿ ಅಮೆರಿಕದಲ್ಲಿ ಅದಕ್ಕೆ 365 ದಿನದ ಅನುಮತಿ ಸಿಕ್ಕಿತು. ಗುಟ್ಟು? ಅದರ ಕೊರಳಿಗೊಂದು ಸ್ಟಿರಾಯ್ಡ್ ಉಂಗುರ. ಪೇಸ್‌ಮೇಕರ್ ತಂತಿಯ ಹಳೆಯ ಉಪಾಯವೇ.

ಇನ್ನು ಗೋಡೆಯೇ ಮರಣವಾಗುವ ಕಡೆಗೆ ಬರೋಣ. ಟೈಪ್ 1 ಮಧುಮೇಹದಲ್ಲಿ ಇನ್ಸುಲಿನ್ ಮಾಡುವ ಕೋಶಗಳು ನಾಶವಾಗಿರುತ್ತವೆ. ಬೇರೆಯವರ ಕೋಶ ಹಾಕಿದರೆ ದೇಹ ಕೊಲ್ಲುತ್ತದೆ. ಹಾಗಾದರೆ ಕೋಶಗಳನ್ನು ಜಾಲರಿಯಂಥ ಮಣಿಯೊಳಗೆ ಮುಚ್ಚಿಟ್ಟರೆ? ಸಕ್ಕರೆ, ಆಮ್ಲಜನಕ ಒಳಗೆ ಬರಲಿ, ಇನ್ಸುಲಿನ್ ಹೊರಗೆ ಹೋಗಲಿ, ಕೊಲ್ಲುವ ಕೋಶ ಮಾತ್ರ ಹೊರಗೇ ಇರಲಿ. 1980ರಲ್ಲಿ ಕಡಲಪಾಚಿಯಿಂದ ಸಿಗುವ ಆಲ್ಜಿನೇಟ್‌ನಲ್ಲಿ ಹೀಗೆ ಮುಚ್ಚಿ ಇಲಿಗಳಲ್ಲಿ ಕೆಲಸ ಮಾಡಿಸಿ ತೋರಿಸಿದ್ದಾಯಿತು. ಎಷ್ಟು ಸುಲಭ ಅನ್ನಿಸುತ್ತದೆ, ಅಲ್ವಾ? ಆದರೆ ಮಣಿಯ ಸುತ್ತಲೇ ನಾರು ಬೆಳೆಯಿತು. ಒಳಗಿನ ಕೋಶಗಳು ಉಸಿರು ಕಟ್ಟಿ ಸತ್ತವು.

ಅಮೆರಿಕದ ಎಂಐಟಿಯ (ನಮ್ಮ ಮಣಿಪಾಲದ ಎಂಐಟಿ ಅಲ್ಲ) ರಾಬರ್ಟ್ ಲ್ಯಾಂಗರ್, ಡೇನಿಯಲ್ ಆಂಡರ್ಸನ್ ತಂಡ ಇದರ ಬೆನ್ನು ಹತ್ತಿತು. ಯಾವ ರಸಾಯನ ಒಳ್ಳೆಯದು ಅಂತ ಊಹಿಸುವ ಬದಲು 774 ಬಗೆಯ ಆಲ್ಜಿನೇಟ್ ತಯಾರಿಸಿ ಸಾಲಾಗಿ ಪರೀಕ್ಷೆ ಮಾಡಿದರು. ಕೆಲವಕ್ಕೆ ಗೋಡೆ ತುಂಬಾ ಕಡಿಮೆ. 2015ರಲ್ಲಿ ಇದೇ ತಂಡ ಇನ್ನೊಂದು ವಿಚಿತ್ರ ಹೇಳಿತು. ಅದೇ ವಸ್ತುವಿನ ಮಣಿ ಅರ್ಧ ಮಿಲಿಮೀಟರ್ ಇದ್ದರೆ ನಾರು ಮುತ್ತುತ್ತದೆ, ಒಂದೂವರೆ ಮಿಲಿಮೀಟರ್ ದಾಟಿದರೆ ಕಡಿಮೆ. ಗಾಜು, ಲೋಹ, ಪ್ಲಾಸ್ಟಿಕ್ ಮಣಿಗಳಲ್ಲೂ ಇದೇ ಒಲವು ಕಂಡಿತು. 2016ರಲ್ಲಿ ಹೊಸ ಆಲ್ಜಿನೇಟ್ ಮಣಿಯೊಳಗೆ ಮಾನವ ಕೋಶಗಳು ಇಲಿಗಳಲ್ಲಿ 174 ದಿನ ಸಕ್ಕರೆ ಹಿಡಿದಿಟ್ಟವು. ಆ ವರ್ಷದ ಸುದ್ದಿಗಳಲ್ಲಿ ಇಂಜೆಕ್ಷನ್ ಕಾಲ ಮುಗಿದೇ ಹೋಯಿತು ಅನ್ನುವ ಧಾಟಿ ಇತ್ತು.

ಆಮೇಲೆ ಆದದ್ದು ಅಷ್ಟಾಗಿ ಸುದ್ದಿಯಾಗಲಿಲ್ಲ. ಇದೇ ತಂತ್ರವನ್ನಿಟ್ಟುಕೊಂಡು ಶುರುವಾದ ಸಿಗಿಲಾನ್ ಕಂಪನಿ ಮೊದಲು ಹೀಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ರೋಗಿಗಳಲ್ಲಿ ಮಣಿಗಳನ್ನು ಪ್ರಯೋಗಿಸಿತು. 2021ರಲ್ಲಿ ಪ್ರಯೋಗ ನಿಂತಿತು. ರೋಗಿಯ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡಿದಾಗ ಮಣಿಗಳ ಸುತ್ತ ನಾರು ಕಟ್ಟಿತ್ತು. ಒಳಗಿನ ಕೋಶ ಬದುಕಿರಲಿಲ್ಲ. ಇಲಿಯಲ್ಲಿ, ಕೋತಿಯಲ್ಲಿ ಗೋಡೆ ತಪ್ಪಿಸಿದ ಮಣಿ ಮನುಷ್ಯನಲ್ಲಿ ತಪ್ಪಿಸಲಿಲ್ಲ.

2025ರ ಹೋಲಿಕೆ ಇನ್ನೂ ಕಣ್ಣಿಗೆ ಹೊಡೆಯುವಂಥದ್ದು. ವರ್ಟೆಕ್ಸ್ ಕಂಪನಿ ಕಾಂಡಕೋಶದಿಂದ ಮಾಡಿದ ಇನ್ಸುಲಿನ್ ಕೋಶಗಳನ್ನು ಎರಡು ದಾರಿಯಲ್ಲಿ ಪರೀಕ್ಷಿಸಿತು. ಒಂದು ದಾರಿಯಲ್ಲಿ ಕೋಶಗಳನ್ನು ನೇರವಾಗಿ ದೇಹಕ್ಕೆ ಸೇರಿಸಿ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ಕೊಟ್ಟರು. ಪೂರ್ತಿ ಡೋಸ್ ಪಡೆದ 12 ಜನರಲ್ಲಿ 10 ಜನ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಇಲ್ಲದೆ ಇದ್ದರು. ಇನ್ನೊಂದು ದಾರಿಯಲ್ಲಿ ಅಂಥದೇ ಕೋಶಗಳನ್ನು ರಕ್ಷಣೆಯ ಸಾಧನದೊಳಗಿಟ್ಟರು, ಮಾತ್ರೆ ಬೇಡ ಅಂತ. ಸಾಕಷ್ಟು ಇನ್ಸುಲಿನ್ ಬರಲಿಲ್ಲ. ಆ ವರ್ಷ ಮಾರ್ಚ್‌ನಲ್ಲಿ ಅದನ್ನು ಕೈಬಿಟ್ಟರು. ಕೋಶ ಗೆದ್ದಿತು, ಪೆಟ್ಟಿಗೆ ಸೋತಿತು. ಸಾನಾ ಅನ್ನುವ ಇನ್ನೊಂದು ಕಂಪನಿ ಮೂರನೇ ದಾರಿ ಹಿಡಿದಿದೆ. ಪೆಟ್ಟಿಗೆಯೂ ಬೇಡ, ಮಾತ್ರೆಯೂ ಬೇಡ, ಕೋಶದ ಜೀನ್‌ಗಳನ್ನೇ ತಿದ್ದಿ ದೇಹಕ್ಕೆ ಕಾಣದಂತೆ ಮಾಡುವುದು. ಸ್ವೀಡನ್ನಿನ ಉಪ್ಸಾಲಾದಲ್ಲಿ ಒಬ್ಬ ರೋಗಿಯ ಮುಂದೋಳಿನಲ್ಲಿ ಅವು ಬದುಕಿವೆ. ಒಬ್ಬರಲ್ಲಿ ಮಾತ್ರ, ಅದು ನೆನಪಿರಲಿ.

ಇಲಿ ಯಾಕೆ ನಮ್ಮನ್ನು ಮೋಸಗೊಳಿಸುತ್ತದೆ? ಒಂದು ಉತ್ತರ 2023ರಲ್ಲಿ ಅಮೆರಿಕದ ಸರ್ಜನ್ ಜೆಫ್ರಿ ಗರ್ಟ್ನರ್ ತಂಡದಿಂದ ಬಂತು. ದೇಹ ದೊಡ್ಡದಾದಷ್ಟೂ ಅಂಗಾಂಶ ಇಂಪ್ಲಾಂಟ್ ಮೇಲೆ ಹಾಕುವ ಒತ್ತಡ, ಎಳೆತ ಜಾಸ್ತಿ. ಇಲಿಯ ತೆಳು ಚರ್ಮದಡಿ ಸಿಲಿಕೋನ್ ತುಂಡು ಹಾಯಾಗಿರುತ್ತದೆ, ಗೋಡೆಯೂ ತೆಳ್ಳಗೆ. ಅವರು ಇಲಿಯೊಳಗಿನ ತುಂಡಿಗೆ ಪುಟ್ಟ ಮೋಟರ್ ಸೇರಿಸಿ, ಮೊಬೈಲ್ ವೈಬ್ರೇಟ್ ಆದ ಹಾಗೆ ಅಲ್ಲಾಡಿಸಿದರು. ಆಗ ಇಲಿಯಲ್ಲೂ ಮನುಷ್ಯರಲ್ಲಿ ಆಗುವಂಥ ದಪ್ಪ ಗೋಡೆ ಎದ್ದಿತು. ಅಂದರೆ ನಾವು ಇಷ್ಟು ದಿನ ರಸಾಯನವನ್ನೇ ಬೈಯುತ್ತಿದ್ದೆವು, ಎಳೆದಾಟವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಕಾಲಿಟ್ಟಾಗಲೆಲ್ಲ ಒತ್ತುವ ಹಿಮ್ಮಡಿಯ ಮುಳ್ಳು ದೊಡ್ಡ ಗಂಟಾಗಲು ಇದೂ ಕಾರಣ ಇರಬಹುದೇ ಅಂತ ಓದುವಾಗ ಅನ್ನಿಸಿತು.

ಹೊಸ ಉಪಾಯಗಳು ಬಹಳ ಇವೆ. ಪ್ಲಸ್ ಮೈನಸ್ ಎರಡೂ ಇರುವ ಅಣುಗಳಿಂದ ಜೆಲ್ ಮಾಡಿದರೆ ಅದು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಪ್ರೋಟೀನ್‌ಗೆ ಅಂಟಲು ಜಾಗವೇ ಸಿಗುವುದಿಲ್ಲ. 2013ರಲ್ಲಿ ಶಾವೋಯಿ ಜಿಯಾಂಗ್ ತಂಡ ಇಲಿಗಳಲ್ಲಿ ಮೂರು ತಿಂಗಳು ಗೋಡೆ ತಡೆಯಿತು. 2024ರಲ್ಲಿ ಎಂಐಟಿಯ ಶುವಾನ್ಹೆ ಝಾವೋ ತಂಡ ಇಂಪ್ಲಾಂಟನ್ನು ಅಂಗಕ್ಕೆ ಸಂದಿಲ್ಲದಂತೆ ಅಂಟಿಸಿಬಿಟ್ಟಿತು. ಅಂಟಿದ ಕಡೆ 12 ವಾರದವರೆಗೂ ಗೋಡೆ ಕಾಣಲಿಲ್ಲ. ಎಳೆದಾಟದ ಮಾತಿಗೆ ಇದು ಹೊಂದುತ್ತದೆ, ಆದ್ದರಿಂದ ನನಗೆ ಇದರ ಮೇಲೆ ಸ್ವಲ್ಪ ಜಾಸ್ತಿ ಭರವಸೆ. ಸ್ತನದ ಸಿಲಿಕೋನ್ ಇಂಪ್ಲಾಂಟ್‌ಗಳಲ್ಲಿ ಮೈಯ ಒರಟುತನ ಸರಾಸರಿ 4 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಇದ್ದಾಗ ಪ್ರತಿಕ್ರಿಯೆ ಅತಿ ಕಡಿಮೆ ಅಂತ 2021ರಲ್ಲಿ ಕಂಡಿತು. ಗೋಡೆ ಬಿಗಿಯದಿರಲಿ ಅಂತ ಮೈಯನ್ನು ತುಂಬಾ ಒರಟು ಮಾಡಿದ್ದ ಹಿಂದಿನ ಪ್ರಯತ್ನ ಅಪರೂಪದ ಲಿಂಫೋಮಾ ಕ್ಯಾನ್ಸರಿಗೆ ತಳುಕು ಹಾಕಿಕೊಂಡಿತ್ತು. 2019ರ ಜುಲೈನಲ್ಲಿ ಆಲರ್ಗನ್ ಕಂಪನಿ ಒರಟು ಮೈಯ ತನ್ನ ಬಯೋಸೆಲ್ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ವಾಪಸ್ ಪಡೆಯಿತು.

ಪ್ರತಿಕ್ರಿಯೆಯನ್ನು ಪೂರ್ತಿ ಅಡಗಿಸಿದರೆ ಏನಾಗುತ್ತದೆ? ಇದಕ್ಕೆ ಉತ್ತರ ಹುಡುಕಲು ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ. ಸ್ಟೆಂಟ್ ಹಾಕಿಸಿಕೊಂಡವರ ಮಾತ್ರೆ ಡಬ್ಬಿ ನೋಡಿದರೆ ಸಾಕು.

ಮೊದಲ ಸ್ಟೆಂಟ್‌ಗಳು ಬರಿ ಲೋಹದ ಜಾಲರಿ. ರಕ್ತನಾಳದ ಗೋಡೆಗೆ ಗಾಯವಾಗಿ ಒಳಗೆ ಅಂಗಾಂಶ ಬೆಳೆದು, ಐದು ಜನರಲ್ಲಿ ಒಬ್ಬರಿಗಾದರೂ ಮತ್ತೆ ಕಟ್ಟಿಕೊಳ್ಳುತ್ತಿತ್ತು. ಅದನ್ನು ತಡೆಯಲು ಸಿಕ್ಕಿದ ಔಷಧಿ ಸಿರೋಲಿಮಸ್. ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂದದ್ದು. ಅದನ್ನು ಬೇರ್ಪಡಿಸಿದ್ದು ಕೆನಡಾದಲ್ಲಿದ್ದ ಭಾರತ ಮೂಲದ ವಿಜ್ಞಾನಿ ಸುರೇನ್ ಸೆಹಗಲ್. ಕಂಪನಿ ಆ ಕೆಲಸ ನಿಲ್ಲಿಸಿದಾಗ ಅವರು ಬ್ಯಾಕ್ಟೀರಿಯಾವನ್ನು ಮನೆಯ ಫ್ರಿಜ್ಜಿನಲ್ಲಿ ಕಾಪಾಡಿಕೊಂಡಿದ್ದರಂತೆ. ಸಿರೋಲಿಮಸ್ ಲೇಪಿಸಿದ ಸ್ಟೆಂಟ್‌ಗೆ 2003ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಮತ್ತೆ ಕಟ್ಟಿಕೊಳ್ಳುವುದು ಹಠಾತ್ತನೆ ಇಳಿಯಿತು.

ಆದರೆ ಔಷಧಿಗೆ ಕಣ್ಣಿಲ್ಲ. ಬೇಡದ ಕೋಶ ಬೆಳೆಯದಂತೆ ತಡೆದ ಹಾಗೆಯೇ ಬೇಕಾದ ಒಳಪದರವೂ ಬೆಳೆಯದಂತೆ ತಡೆಯಿತು. ಲೋಹ ತಿಂಗಳುಗಟ್ಟಲೆ ಬೆತ್ತಲೆಯಾಗಿ ರಕ್ತಕ್ಕೆ ತಾಗುತ್ತಿತ್ತು. ಔಷಧಿ ಹಿಡಿದಿಟ್ಟಿದ್ದ ಪಾಲಿಮರ್ ಲೇಪನಕ್ಕೆ ಕೆಲವರ ರಕ್ತನಾಳ ಕೆರಳಿತು. ವರ್ಷದ ನಂತರ, ಎಲ್ಲ ಸರಿಹೋಯಿತು ಅಂದುಕೊಂಡವರಲ್ಲಿ ಕೆಲವರಿಗೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿತು. 2006ರಲ್ಲಿ ಇದು ದೊಡ್ಡ ಗದ್ದಲವಾಯಿತು. ಆಮೇಲೆ ಲೋಹದ ಎಳೆ ತೆಳುವಾಯಿತು, ಪಾಲಿಮರ್ ಬದಲಾಯಿತು, ಕೆಲವು ಬಗೆಯಲ್ಲಿ ಪಾಲಿಮರ್ ತಾನೇ ಕರಗುತ್ತದೆ. ಹೃದಯದ ಡಾಕ್ಟರು ರಕ್ತ ತೆಳುವಾಗಿಸುವ ಎರಡು ಮಾತ್ರೆ ಬರೆದು "ನನ್ನ ಕೇಳದೆ ಒಂದು ದಿನವೂ ನಿಲ್ಲಿಸಬೇಡಿ" ಅನ್ನುವುದು ಇದಕ್ಕೇ. ಆ ಜಾಲರಿಯ ಮೇಲೆ ದೇಹ ತನ್ನದೊಂದು ಪದರ ಹೊದಿಸುವವರೆಗೆ ಮಾತ್ರೆ ಕಾವಲು ಕಾಯಬೇಕು. ಇಲ್ಲಿ ದೇಹ ಒಂದಿಷ್ಟು ಬೆಳೆಸಲೇಬೇಕು, ಜಾಸ್ತಿ ಬೆಳೆಸಬಾರದು.

ಹಾಗಾಗಿ ಮುಂದಿನ ಕೆಲಸ ಇಡೀ ಸೈನ್ಯವನ್ನು ಮಲಗಿಸುವುದಕ್ಕಿಂತ ಯಾವ ಸಿಪಾಯಿ ಯಾವ ಹೊತ್ತಿಗೆ ಏನು ಮಾಡುತ್ತಾನೆ ಅಂತ ಹುಡುಕುವುದು. ಮ್ಯಾಕ್ರೋಫೇಜ್‌ನ ಸಿಎಸ್‌ಎಫ್1ಆರ್ ಅನ್ನುವ ಒಂದೇ ಗ್ರಾಹಿಯನ್ನು (ಸಂಕೇತ ಹಿಡಿಯುವ ಕೊಂಡಿ) ತಡೆದರೆ ಗೋಡೆ ಏಳುವುದಿಲ್ಲ, ಮ್ಯಾಕ್ರೋಫೇಜ್‌ನ ಉಳಿದ ಹಲವು ಕೆಲಸಗಳು ನಡೆಯುತ್ತವೆ ಅಂತ 2017ರಲ್ಲಿ ಪ್ರಾಣಿಗಳಲ್ಲಿ ಕಂಡಿತು. ಎಲ್ಲರೂ ಮ್ಯಾಕ್ರೋಫೇಜ್ ಹಿಂದೆ ಬಿದ್ದಿರುವಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿದ್ಧಾರ್ಥ್ ಝುಂಝುನ್‌ವಾಲಾ ನ್ಯೂಟ್ರೋಫಿಲ್‌ಗಳನ್ನು ಹಿಡಿದು ಕೂತಿದ್ದಾರೆ. ಒಂದೆರಡು ದಿನ ಬಂದು ಸಾಯುವ ಕೋಶ ಅಂತ ಅವನ್ನು ಕಡೆಗಣಿಸಲಾಗಿತ್ತು. ಎಂಐಟಿಯಲ್ಲಿದ್ದಾಗ ಅವರ 2015ರ ಕೆಲಸದಲ್ಲಿ, ಸೋಂಕೇ ಇಲ್ಲದ ಇಂಪ್ಲಾಂಟ್ ಸುತ್ತ ಇಲಿಗಳಲ್ಲಿ ಅವು ಎರಡು ವಾರ ಉಳಿದದ್ದು ಕಂಡಿತ್ತು.

ಇಷ್ಟೆಲ್ಲ ಆದ ಮೇಲೂ ಉಳಿಯುವ ತೊಡಕು ಒಂದೇ. ಮನುಷ್ಯರಲ್ಲಿ ಏನಾಗುತ್ತದೆ ಅಂತ ಮನುಷ್ಯರಲ್ಲೇ ನೋಡಬೇಕು, ವರ್ಷಗಟ್ಟಲೆ ನೋಡಬೇಕು. ಜಾನ್ಸನ್ ಅಂಡ್ ಜಾನ್ಸನ್‌ನ ಡೆಪ್ಯೂ ಘಟಕದ ಎಎಸ್‌ಆರ್ ಸೊಂಟದ ಕೀಲು ಇದಕ್ಕೆ ಉದಾಹರಣೆ. ಲೋಹದ ಮೇಲೆ ಲೋಹ ಉಜ್ಜುವ ವಿನ್ಯಾಸ. ಪ್ಲಾಸ್ಟಿಕ್ ಪುಡಿಯ ಕಾಟ ತಪ್ಪಲಿ ಅಂತಲೇ ಬಂದದ್ದು. ಪ್ಲಾಸ್ಟಿಕ್ ಬದಲು ಕೋಬಾಲ್ಟ್, ಕ್ರೋಮಿಯಂ ಪುಡಿ ಬಿತ್ತು, ಕೆಲವರ ಕೀಲಿನ ಸುತ್ತ ಸ್ನಾಯು ಸತ್ತು ದ್ರವ ತುಂಬಿತು. ಅದು ಬೇಗ ಕೆಡುತ್ತಿದೆ ಅಂತ ಮೊದಲು ಹೇಳಿದವರಲ್ಲಿ ಆಸ್ಟ್ರೇಲಿಯಾದ ಕೀಲು ನೋಂದಣಿ ಪುಸ್ತಕವೂ ಒಂದು. ಅಲ್ಲಿ ಹಾಕಿದ ಪ್ರತಿ ಕೀಲಿನ ಲೆಕ್ಕ ಇರುತ್ತದೆ. 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ಅದನ್ನು ವಾಪಸ್ ಪಡೆದರು. ಭಾರತದಲ್ಲಿ ಸುಮಾರು 4,700 ಆಪರೇಷನ್ ಆಗಿತ್ತು. ಪತ್ತೆಯಾದವರು ಸಾವಿರದ ಆಸುಪಾಸು. ಸರ್ಕಾರದ ಸಮಿತಿ ತಲಾ ಕನಿಷ್ಠ 20 ಲಕ್ಷ ಪರಿಹಾರ ಅಂತ ಹೇಳಿತು. ಉಳಿದವರು ಎಲ್ಲಿದ್ದಾರೆ, ಹೇಗಿದ್ದಾರೆ? ಹೆಚ್ಚಿನವರ ವಿಷಯ ಯಾವ ಪುಸ್ತಕದಲ್ಲೂ ಇಲ್ಲ. 2015ರಲ್ಲಿ ವೈದ್ಯಕೀಯ ಸಾಧನಗಳ ತೊಂದರೆ ವರದಿ ಮಾಡುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿದೆ. ಆದರೆ ಯಾರೊಳಗೆ ಏನಿದೆ ಅನ್ನುವುದೇ ಗೊತ್ತಿಲ್ಲದಿದ್ದರೆ ವರದಿ ಮಾಡುವುದು ಯಾವುದರ ಬಗ್ಗೆ?

ಆಪರೇಷನ್ ಥಿಯೇಟರಿನಲ್ಲಿ ಇಂಪ್ಲಾಂಟಿನ ಪೆಟ್ಟಿಗೆ ತೆರೆದಾಗ ಒಳಗೆ ಪುಟ್ಟ ಸ್ಟಿಕ್ಕರುಗಳಿರುತ್ತವೆ. ಕಂಪನಿ, ಅಳತೆ, ಲಾಟ್ ನಂಬರ್. ನರ್ಸು ಅವನ್ನು ಕಿತ್ತು ಕೇಸ್ ಶೀಟಿಗೂ ರೋಗಿಯ ಕಾಗದಕ್ಕೂ ಅಂಟಿಸುತ್ತಾರೆ. ಇದನ್ನು ಬರೆಯುವ ಮುಂಚೆ ದೊಡ್ಡಮ್ಮನ ಮಂಡಿ ಆಪರೇಷನ್ ಫೈಲು ತೆಗೆಸಿ ನೋಡಿದೆ. ಸ್ಟಿಕ್ಕರ್ ಇದ್ದ ಮೂಲ ಪ್ರತಿ ಇನ್ಶೂರೆನ್ಸ್ ಕ್ಲೇಮಿಗೆ ಹೋಗಿದೆ. ಮನೆಯಲ್ಲಿರುವುದು ಜೆರಾಕ್ಸ್. ಸ್ಟಿಕ್ಕರ್ ಇದ್ದ ಜಾಗ ಪೂರ್ತಿ ಕಪ್ಪಗೆ ಬಿದ್ದಿದೆ, ನಂಬರಿನ ಕೊನೆಯ ಎರಡು ಅಂಕಿ ಮಾತ್ರ ಓದಲು ಬರುತ್ತದೆ. ಇನ್ನೊಂದು ಪ್ರತಿ ಕೊಡಿ ಅಂತ ಆಸ್ಪತ್ರೆಯ ರೆಕಾರ್ಡ್ ಸೆಕ್ಷನ್ನಿಗೆ ಅರ್ಜಿ ಕೊಟ್ಟು ಬಂದಿದ್ದೇವೆ.